ಮುದ್ರೆ ಬಿದ್ದದ್ದು ಯಾವುದಕ್ಕೆ?

“ಈ ಹದಿನಾಲ್ಕನೇ ಷರತ್ತು ಏನನ್ನೂ ಹೇಳ್ತಾ ಇಲ್ಲ ಕಣೋ,” ಎಂದರು ಅತ್ತೆ.

ಷರತ್ತಿನಲ್ಲಿದ್ದದ್ದು ಒಂದೇ ವಾಕ್ಯ: ಪೂರೈಸುವ ಎಲ್ಲ ಕ್ಯಾಮೆರಾ, ರೂಟರ್ ಹಾಗೂ ರೆಕಾರ್ಡರ್‌ಗಳು ಸರ್ಕಾರದ ಭದ್ರತಾ ಪ್ರಮಾಣಪತ್ರ ಹೊಂದಿರತಕ್ಕದ್ದು. ಅದನ್ನು ಬರೆದವನು ಅವರ ಸೋದರಳಿಯ, ಒಂದು ಸಣ್ಣ ಊರಿನ ನಗರಸಭೆಯಲ್ಲಿ ಸಹಾಯಕ ಎಂಜಿನಿಯರ್. ವೃತ್ತಗಳಿಗೂ ಬಸ್ ನಿಲ್ದಾಣಕ್ಕೂ ಕ್ಯಾಮೆರಾ ಕೊಳ್ಳುವ ಟೆಂಡರಿನ ಕರಡು ಅವನ ಹೆಗಲಿಗೆ ಬಿದ್ದಿತ್ತು. ಅತ್ತೆ ಎಲೆಕ್ಟ್ರಾನಿಕ್ ಉಪಕರಣಗಳ ಪರೀಕ್ಷಾಲಯವೊಂದರಲ್ಲಿ ದುಡಿದು ನಿವೃತ್ತರಾದವರು. ಇಂಥ ಕಾಗದಗಳನ್ನು ಓದುವುದು ಅವರಿಗೆ ಹಳೆಯ ಕಸುಬು.

“ಯಾಕತ್ತೆ? ಕಡ್ಡಾಯ ಅಂತಲೇ ಬರೆದಿದ್ದೀನಲ್ಲ. ಇನ್ನೂ ಸ್ಪಷ್ಟವಾಗಿ ಹೇಗೆ ಬರೀಲಿ?”

“ಯಾವ ಪ್ರಮಾಣಪತ್ರ? ಯಾವ ಮಾದರಿಗೆ, ಅದರೊಳಗಿನ ಯಾವ ಫರ್ಮ್‌ವೇರ್‌ಗೆ? ಎಂಥ ದಾಳಿ ತಡೆಯುತ್ತೆ ಅಂತ ನೋಡಿ ಕೊಟ್ಟದ್ದು? ಇದನ್ನೆಲ್ಲ ನೀನು ಕೇಳದೇ ಇದ್ದರೆ ಬಿಡ್ಡರ್ ಯಾವುದೋ ಒಂದು ಕಾಗದ ಲಗತ್ತಿಸ್ತಾನೆ, ನಿಮ್ಮ ಸಮಿತಿ ಟಿಕ್ ಹಾಕುತ್ತೆ. ಅಲ್ಲಿಗೆ ಮುಗೀತು.”

ಅಳಿಯ ಸುಲಭಕ್ಕೆ ಒಪ್ಪುವವನಲ್ಲ. ಕೇಂದ್ರ ಸರ್ಕಾರ 2024ರ ಏಪ್ರಿಲ್ 9ರಂದು ಹೊರಡಿಸಿದ ಅಧಿಸೂಚನೆಯನ್ನು ಅವನು ಓದಿಕೊಂಡೇ ಬಂದಿದ್ದ. ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎನ್ನುವ ನಿಯಮ ಅದು. ಗಡುವು ಮೊದಲು ಅದೇ ವರ್ಷದ ಅಕ್ಟೋಬರ್ 9 ಎಂದಿತ್ತು, ಆಮೇಲೆ 2025ರ ಏಪ್ರಿಲ್ 9ಕ್ಕೆ ಹೋಯಿತು. ಯಂತ್ರಾಂಶ, ತಂತ್ರಾಂಶ, ಸೋರ್ಸ್ ಕೋಡ್ ಎಲ್ಲವನ್ನೂ ತಯಾರಕರು ಲ್ಯಾಬ್‌ಗೆ ಒಪ್ಪಿಸಬೇಕು. ನೆಟ್‌ವರ್ಕ್ ಉಪಕರಣಗಳದ್ದು ಬೇರೆ ದಾರಿ. ಅವುಗಳ ಭದ್ರತಾ ಅಗತ್ಯಗಳನ್ನು ಬರೆಯುವ ರಾಷ್ಟ್ರೀಯ ಸಂವಹನ ಸುರಕ್ಷತಾ ಕೇಂದ್ರ ದೂರಸಂಪರ್ಕ ಇಲಾಖೆಗೆ ಸೇರಿದ್ದು, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ.

“ಕಾನೂನೇ ಇಷ್ಟೆಲ್ಲ ಮಾಡಿಕೊಟ್ಟಿದೆ. ನಾನು ಮತ್ತೆ ಯಾಕೆ ತಲೆ ಕೆಡಿಸಿಕೊಳ್ಳಲಿ? ಕುಕ್ಕರ್ ತರುವಾಗ ಐಎಸ್‌ಐ ಗುರುತು ನೋಡ್ತೀವಿ, ತರ್ತೀವಿ. ಅದನ್ನು ಹೇಗೆ ಪರೀಕ್ಷೆ ಮಾಡಿದ್ರು ಅಂತ ಯಾರಾದರೂ ಕೇಳ್ತಾರಾ?”

“ಕುಕ್ಕರಿನೊಳಗಿನ ಹಬೆ ಐಎಸ್‌ಐ ಪುಸ್ತಕ ಓದಿ, ಎಲ್ಲಿ ಪರೀಕ್ಷೆ ಮಾಡಿಲ್ಲವೋ ಅಲ್ಲೇ ನುಗ್ಗೋದಿಲ್ಲ,” ಎಂದರು ಅತ್ತೆ. “ಇಲ್ಲಿ ಎದುರಿಗಿರೋದು ಮನುಷ್ಯ. ಪರೀಕ್ಷೆಯ ಪಟ್ಟಿ ಅವನಿಗೂ ಸಿಗುತ್ತೆ. ಪಟ್ಟಿಯಲ್ಲಿ ಇಲ್ಲದ ಜಾಗ ಹುಡುಕೋದೇ ಅವನ ಕೆಲಸ.”

ಭದ್ರತಾ ಪರೀಕ್ಷೆಯ ಕಥೆ ಶುರುವಾದದ್ದು ಅಮೆರಿಕದಲ್ಲಿ. ಸೇನೆಗೆ ಬೇಕಾದ ಕಂಪ್ಯೂಟರುಗಳನ್ನು ಪ್ರತ್ಯೇಕವಾಗಿ ಕಟ್ಟಿಸುವುದಕ್ಕಿಂತ ಮಾರುಕಟ್ಟೆಯಿಂದ ಕೊಳ್ಳುವುದೇ ಅಗ್ಗ ಎನ್ನುವ ಕಾಲ ಬಂದಾಗ, ಕೊಳ್ಳುವ ಯಂತ್ರವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ 1983ರಲ್ಲಿ ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎಯ ಅಂಗವಾದ ಒಂದು ಕೇಂದ್ರ ಮಾನದಂಡಗಳ ಪುಸ್ತಕವೊಂದನ್ನು ತಂದಿತು. 1985ರಲ್ಲಿ ಅದು ರಕ್ಷಣಾ ಇಲಾಖೆಯ ಅಧಿಕೃತ ಮಾನದಂಡವಾಯಿತು. ರಕ್ಷಾಪುಟದ ಬಣ್ಣದಿಂದಾಗಿ ಎಲ್ಲರೂ ಅದನ್ನು ‘ಆರೆಂಜ್ ಬುಕ್’ ಎಂದೇ ಕರೆದರು. ತಳದಲ್ಲಿ ಡಿ, ತುದಿಯಲ್ಲಿ ಎ1, ನಡುವೆ ಸಿ1, ಸಿ2, ಬಿ1, ಬಿ2, ಬಿ3. ಸಾಮಾನ್ಯ ಕಚೇರಿಗಳಿಗೆ ಬೇಕಾದದ್ದು ಸಿ2: ಬಳಕೆದಾರರು ಬೇರೆ ಬೇರೆಯಾಗಿ ಲಾಗಿನ್ ಆಗಬೇಕು, ಯಾರು ಏನು ಮಾಡಿದರು ಎಂಬ ದಾಖಲೆ ಉಳಿಯಬೇಕು.

“1995ರ ಜುಲೈನಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ 3.5ಕ್ಕೆ ಸಿ2 ಸಿಕ್ತು. ಹೇಗೆ ಸಿಕ್ತು ಗೊತ್ತಾ?”

“ಹೇಳಿ.”

“ನೆಟ್‌ವರ್ಕ್ ಬಿಟ್ಟು ಪರೀಕ್ಷೆ ಮಾಡಿದ್ರು. ಯಾವುದಕ್ಕೂ ತಂತಿ ಜೋಡಿಸದೆ ಒಂಟಿಯಾಗಿ ನಿಂತ ಯಂತ್ರಕ್ಕೆ ಕೊಟ್ಟ ದರ್ಜೆ ಅದು. ಕೊಂಡವರು ಮಾಡಿದ್ದೇನು? ನೆಟ್‌ವರ್ಕಿಗೆ ಜೋಡಿಸಿದ್ರು. ನೆಟ್‌ವರ್ಕ್ ಸೇರಿಸಿ ಮೌಲ್ಯಮಾಪನ ಮುಗಿದದ್ದು ಎನ್‌ಟಿ 4.0ಕ್ಕೆ, 1999ರ ಕೊನೆಗೆ. ನಡುವಿನ ನಾಲ್ಕು ವರ್ಷ ಜನ ಹಿಡಿದುಕೊಂಡಿದ್ದ ಪ್ರಮಾಣಪತ್ರ ಅವರು ಬಳಸ್ತಾ ಇದ್ದ ಸ್ಥಿತಿಗೆ ಸಂಬಂಧಪಟ್ಟದ್ದೇ ಅಲ್ಲ.”

“ಮೋಸ ಅಂತೀರಾ?”

“ಮೋಸ ಅಲ್ಲ. ವರದಿಯಲ್ಲಿ ಎಲ್ಲ ಬರೆದಿತ್ತು. ಓದಿದವರು ಕಡಿಮೆ.”

ಆರೆಂಜ್ ಬುಕ್ ಅಮೆರಿಕಕ್ಕೆ ಸೀಮಿತವಾಗಿತ್ತು. ಯುರೋಪಿನವರು, ಕೆನಡಾದವರು ತಮ್ಮತಮ್ಮ ಮಾನದಂಡ ಮಾಡಿಕೊಂಡಿದ್ದರು. ಒಂದೇ ಸರಕನ್ನು ದೇಶದೇಶಕ್ಕೂ ಹೊಸದಾಗಿ ಪರೀಕ್ಷಿಸಬೇಕಾಗಿ ಬಂದಾಗ ಎಲ್ಲವನ್ನೂ ಹೊಸೆದು ‘ಕಾಮನ್ ಕ್ರೈಟೀರಿಯಾ’ ಎಂಬ ಹೊಸ ಚೌಕಟ್ಟು ಕಟ್ಟಿದರು. ಮೊದಲ ಆವೃತ್ತಿ ಬಂದದ್ದು 1996ರಲ್ಲಿ, ಐಎಸ್‌ಓ 15408 ಎಂಬ ಅಂತರರಾಷ್ಟ್ರೀಯ ಮಾನದಂಡವಾದದ್ದು 1999ರಲ್ಲಿ. ಒಂದು ದೇಶದ ಪ್ರಮಾಣಪತ್ರವನ್ನು ಇನ್ನೊಂದು ದೇಶ ಒಪ್ಪುವ ಒಡಂಬಡಿಕೆಯೂ ಆಯಿತು. ಭಾರತ 2013ರಲ್ಲಿ ಅದರೊಳಗೆ ಪ್ರಮಾಣಪತ್ರ ಕೊಡುವ ಅಧಿಕಾರವುಳ್ಳ ಸದಸ್ಯ ದೇಶವಾಯಿತು. ಇಲ್ಲಿ ಆ ಕೆಲಸ ನೋಡಿಕೊಳ್ಳುವುದು ಎಸ್‌ಟಿಕ್ಯೂಸಿ ನಿರ್ದೇಶನಾಲಯ.

ಈ ಚೌಕಟ್ಟಿನ ಎರಡು ಸಂಗತಿಗಳನ್ನು ಅತ್ತೆ ಬಿಡಿಸಿ ಹೇಳಿದರು. ಮೊದಲನೆಯದು ಪರೀಕ್ಷೆಯ ಎಲ್ಲೆ. ತನ್ನ ಉತ್ಪನ್ನದ ಯಾವ ಭಾಗ ಪರೀಕ್ಷೆಗೆ ಒಳಪಡಬೇಕು, ಅದು ಎಂಥ ವಾತಾವರಣದಲ್ಲಿ ಇರುತ್ತದೆ, ಯಾವ ಅಪಾಯ ಎದುರಿಸುತ್ತದೆ ಎಂಬುದನ್ನು ತಯಾರಕನೇ ‘ಸೆಕ್ಯುರಿಟಿ ಟಾರ್ಗೆಟ್’ ಎನ್ನುವ ದಾಖಲೆಯಲ್ಲಿ ಬರೆಯುತ್ತಾನೆ. ಲ್ಯಾಬ್ ನೋಡುವುದು ಆ ಎಲ್ಲೆಯೊಳಗಿನದ್ದನ್ನು ಮಾತ್ರ. ಎರಡನೆಯದು ದರ್ಜೆ. ಇಎಎಲ್ 1ರಿಂದ 7ರವರೆಗಿನ ಅಂಕಿ ನೋಡಿದವರಿಗೆ 4 ಅಂದರೆ 2ಕ್ಕಿಂತ ಎರಡು ಪಟ್ಟು ಭದ್ರ ಎನ್ನಿಸುತ್ತದೆ. ಆ ಅಂಕಿ ಹೇಳುವುದು ಎಷ್ಟು ಆಳವಾಗಿ ಪರಿಶೀಲಿಸಿದರು ಎಂಬುದನ್ನು. ಉತ್ಪನ್ನ ಎಷ್ಟು ಬಲಿಷ್ಠ ದಾಳಿ ತಡೆಯಬೇಕಿತ್ತು ಎಂಬ ಗುರಿ ಬೇರೆ ಕಡೆ ಬರೆದಿರುತ್ತದೆ.

“2002ರ ಅಕ್ಟೋಬರ್‌ನಲ್ಲಿ ವಿಂಡೋಸ್ 2000ಕ್ಕೆ ಇಎಎಲ್ 4 ಸಿಕ್ಕಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅದು ಅನುಸರಿಸಿದ ರಕ್ಷಣಾ ಮಾದರಿಯ ದಾಖಲೆಯಲ್ಲಿ ಏನಿತ್ತು ಅಂದರೆ, ಇದು ಹಗೆತನವಿಲ್ಲದ, ಚೆನ್ನಾಗಿ ನಿರ್ವಹಿಸಿದ ಬಳಕೆದಾರರ ಗುಂಪಿಗೆ, ಕೈತಪ್ಪಿ ಅಥವಾ ಸುಮ್ಮನೆ ಮಾಡಿನೋಡುವ ಪ್ರಯತ್ನಗಳಿಂದ ರಕ್ಷಣೆ ಕೊಡೋದಕ್ಕೆ ತಕ್ಕದ್ದು ಅಂತ. ಹಟ ಹಿಡಿದು ನುಗ್ಗುವ ವೈರಿ ಆ ಲೆಕ್ಕದಲ್ಲೇ ಇರಲಿಲ್ಲ. ಆ ಯಂತ್ರ ಇದ್ದದ್ದು ಎಲ್ಲಿ? ಇಂಟರ್ನೆಟ್‌ನಲ್ಲಿ. ಅಲ್ಲಿ ಹಗೆತನವಿಲ್ಲದ ಗುಂಪು ಅಂತ ಇದೆಯೇನೋ?”

ಅಳಿಯ ನೋಟ್‌ಬುಕ್ ತೆಗೆದು ಎಲ್ಲೆ ಎಂದು ಬರೆದುಕೊಂಡ.

“ಸರಿ ಅತ್ತೆ. ನಮ್ಮ ಸಿಸಿಟಿವಿ ನಿಯಮದಲ್ಲಿ ಸೋರ್ಸ್ ಕೋಡನ್ನೇ ಕೇಳ್ತಾರೆ. ಅದನ್ನು ನೋಡಿದ ಮೇಲೆ ಮುಚ್ಚಿಡೋದಕ್ಕೆ ಏನು ಉಳಿಯುತ್ತೆ?”

ಈ ಪ್ರಶ್ನೆಗೆ ಅತ್ತೆ ಇಂಗ್ಲೆಂಡಿನ ಬ್ಯಾನ್‌ಬರಿ ಪಟ್ಟಣದ ಉದಾಹರಣೆ ತೆಗೆದರು. ಚೀನಾದ ಹುವಾವೆ ಕಂಪನಿಯ ಟೆಲಿಕಾಂ ಉಪಕರಣಗಳನ್ನು ಬ್ರಿಟನ್ ಕೊಳ್ಳುತ್ತಿತ್ತು. ಅವುಗಳ ಒಳಹೊರಗನ್ನು ಪರೀಕ್ಷಿಸಲೆಂದೇ 2010ರಲ್ಲಿ ಅಲ್ಲೊಂದು ಕೇಂದ್ರ ತೆರೆಯಲಾಯಿತು. ಖರ್ಚು ಕಂಪನಿಯದ್ದು, ಮೇಲ್ವಿಚಾರಣೆ ಬ್ರಿಟಿಷ್ ಸರ್ಕಾರದ್ದು. ಸೋರ್ಸ್ ಕೋಡ್ ಪೂರ್ತಿ ಅವರ ಮುಂದಿತ್ತು. ಹಾಗಿದ್ದೂ ಮೇಲ್ವಿಚಾರಣಾ ಮಂಡಳಿ 2018 ಮತ್ತು 2019ರ ವರದಿಗಳಲ್ಲಿ ತಾನು ಸೀಮಿತ ಭರವಸೆಯನ್ನಷ್ಟೇ ಕೊಡಬಲ್ಲೆ ಎಂದಿತು. ಮುಖ್ಯ ಕಾರಣಗಳಲ್ಲಿ ಒಂದು ಇದು: ತಮ್ಮ ಮುಂದಿರುವ ಕೋಡಿನಿಂದ ತಯಾರಾದ ತಂತ್ರಾಂಶವೂ ದೇಶದ ಗೋಪುರಗಳಲ್ಲಿ ಓಡುತ್ತಿರುವ ತಂತ್ರಾಂಶವೂ ಒಂದೇ ಎಂದು ಸಾಬೀತು ಮಾಡಲು ಆಗಲಿಲ್ಲ. ಕೋಡಿನ ಗುಣಮಟ್ಟವೂ ಕಳಪೆ. ಒಂದು ಉತ್ಪನ್ನದಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ ತಂತ್ರಾಂಶದ 4 ಬೇರೆ ಬೇರೆ ಆವೃತ್ತಿಗಳ 70 ಪೂರ್ಣ ಪ್ರತಿಗಳು ಸಿಕ್ಕವು. ಒಂದು ಕಡೆ ತೂತು ಮುಚ್ಚಿದರೆ ಉಳಿದ ಪ್ರತಿಗಳಲ್ಲಿ ಅದೇ ತೂತು ಹಾಗೇ ಇರುತ್ತದೆ.

“ದೇಶದ ಅತ್ಯುತ್ತಮ ತಜ್ಞರು ವರ್ಷಗಟ್ಟಲೆ ಕೂತು ಹೇಳಿದ್ದು ಅದು. ಕೋಡ್ ಕೊಡು ಅಂತ ಕೇಳೋದು ಸರಿಯಾದ ಹೆಜ್ಜೆಯೇ. ಕೊಟ್ಟ ಕೋಡೂ ಪೆಟ್ಟಿಗೆಯೊಳಗಿನ ಕೋಡೂ ಒಂದೇ ಅಂತ ತೋರಿಸು ಅಂತಲೂ ಕೇಳಬೇಕು. ಅದು ಬಹಳ ಕಷ್ಟದ ಕೆಲಸ.”

“ಅಂದರೆ ಎಷ್ಟು ಆಳಕ್ಕೆ ಹೋದರೂ ಏನೋ ಒಂದು ತಪ್ಪಿಹೋಗುತ್ತೆ.”

“ಹೌದು. ಅತಿ ಆಳಕ್ಕೆ ಹೋದವರಿಗೂ ತಪ್ಪಿದೆ.”

ಇಲ್ಲಿ ಅತ್ತೆಯ ದನಿ ಗಂಭೀರವಾಯಿತು, ಏಕೆಂದರೆ ಅವರು ಹೇಳಹೊರಟ ಎರಡು ಪ್ರಸಂಗಗಳು ಅವರ ವೃತ್ತಿಯವರನ್ನೆಲ್ಲ ಕಾಡಿದಂಥವು. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಬ್ಯಾಂಕು, ಔಷಧ, ಮತದಾನ ಎಲ್ಲಕ್ಕೂ ಚಿಪ್ ಇರುವ ಗುರುತಿನ ಚೀಟಿ ಬಳಸುತ್ತಾರೆ. ಆ ಚಿಪ್ಪು ಜರ್ಮನಿಯ ಇನ್‌ಫಿನಿಯಾನ್ ಕಂಪನಿಯದ್ದು, ಉನ್ನತ ದರ್ಜೆಯ ಪ್ರಮಾಣಪತ್ರ ಪಡೆದದ್ದು. 2017ರಲ್ಲಿ ಜೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಮರ್ಮ ಬಿಡಿಸಿದರು. ಚಿಪ್ಪಿನೊಳಗಿನ ತಂತ್ರಾಂಶ ಗುಪ್ತ ಕೀಲಿಗೆ ಬೇಕಾದ ಅವಿಭಾಜ್ಯ ಸಂಖ್ಯೆಗಳನ್ನು ಬೇಗ ಹುಡುಕಲು ಒಂದು ಅಡ್ಡದಾರಿ ಹಿಡಿದಿತ್ತು. ಹಾಗೆ ಹುಟ್ಟಿದ ಸಂಖ್ಯೆಗಳಲ್ಲಿ ಒಂದು ವಿನ್ಯಾಸ ಉಳಿಯುತ್ತಿತ್ತು. ಸಾರ್ವಜನಿಕ ಕೀಲಿ ನೋಡಿಯೇ ಗುಪ್ತ ಕೀಲಿಯನ್ನು ಲೆಕ್ಕ ಹಾಕಲು ಆ ವಿನ್ಯಾಸ ಸಾಕಾಗಿತ್ತು. ಎಸ್ಟೋನಿಯಾ ಆ ವರ್ಷದ ನವೆಂಬರ್‌ನಲ್ಲಿ ಸುಮಾರು 7.5 ಲಕ್ಷ ಚೀಟಿಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿಯಬೇಕಾಯಿತು.

“ಆಮೇಲೆ 2024ರ ಸೆಪ್ಟೆಂಬರ್. ಫ್ರಾನ್ಸಿನ ನಿಂಜಾಲ್ಯಾಬ್‌ನವರು ಅದೇ ಕಂಪನಿಯ ಚಿಪ್ಪುಗಳಲ್ಲಿ ಇನ್ನೊಂದು ದೋಷ ತೋರಿಸಿದರು. ಸಹಿ ಲೆಕ್ಕ ಹಾಕುವಾಗ ಚಿಪ್ಪು ಹೊರಸೂಸುವ ವಿದ್ಯುತ್ಕಾಂತೀಯ ಅಲೆ ಅಳೆದು ಗುಪ್ತ ಕೀಲಿ ತೆಗೆಯೋದು. ಸಾಧನ ಕೈಗೆ ಸಿಗಬೇಕು, ಬಿಚ್ಚಬೇಕು, ಹಾಗಾಗಿ ಎಲ್ಲರೂ ಮಾಡೋ ಕೆಲಸ ಅಲ್ಲ. ಆದರೆ ಅವರು ಬರೆದ ಒಂದು ಲೆಕ್ಕ ನೋಡು: ಆ ದೋಷ 14 ವರ್ಷ, ಅತ್ಯುನ್ನತ ದರ್ಜೆಯ ಸುಮಾರು 80 ಮೌಲ್ಯಮಾಪನಗಳನ್ನು ದಾಟಿಕೊಂಡು ಬಂದಿತ್ತು.”

“80!”

“ಆ ಲ್ಯಾಬ್‌ಗಳಲ್ಲಿ ಕೂತವರು ದಡ್ಡರಲ್ಲ. ಅವರಿಗೆ ಕೊಟ್ಟ ಸಮಯ ಇಷ್ಟೇ, ನೋಡಬೇಕಾದ ಪಟ್ಟಿ ಇಷ್ಟೇ. ಸಂಶೋಧಕನಿಗೆ ಗಡುವಿಲ್ಲ.”

ಒಂದು ಕ್ಷಣ ಯೋಚಿಸಿ ಅಳಿಯ ತನ್ನ ಕಚೇರಿಯ ಅನುಭವದಿಂದ ಒಂದು ಮಾತು ತೆಗೆದ. ಹೋದ ಸಲ ಕೊಂಡ ರೂಟರ್‌ಗಳಿಗೆ ತಯಾರಕರು ಹೊಸ ಫರ್ಮ್‌ವೇರ್ ಬಿಟ್ಟಿದ್ದರು. ಹಾಕಿದರೆ ಪ್ರಮಾಣಪತ್ರ ಬಿದ್ದುಹೋಗುತ್ತದೆ, ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ ಎಂದು ಹಾಕಲೇ ಇಲ್ಲ.

“ಇದೇ ನೋಡು ನನಗೆ ಎಲ್ಲಕ್ಕಿಂತ ಸಂಕಟದ ವಿಷಯ,” ಎಂದರು ಅತ್ತೆ. ಅಮೆರಿಕ ಮತ್ತು ಕೆನಡಾ 1995ರಿಂದ ಒಟ್ಟಾಗಿ ನಡೆಸುತ್ತಿರುವ, ಎನ್‌ಕ್ರಿಪ್ಶನ್ ಘಟಕಗಳಿಗೆ ಮಾನ್ಯತೆ ಕೊಡುವ ಫಿಪ್ಸ್ 140 ವ್ಯವಸ್ಥೆಯಲ್ಲಿ ಮಾನ್ಯತೆ ಸಿಗುವುದು ನಿರ್ದಿಷ್ಟ ಆವೃತ್ತಿಗೆ ಮಾತ್ರ. ಕೋಡ್ ತಿದ್ದಿದರೆ ಅದು ಬೇರೆಯದೇ ವಸ್ತು, ಮತ್ತೆ ಮಂಜೂರಾತಿ ಬೇಕು. 2007ರ ನವೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನವರು ತಮ್ಮ ಫಿಪ್ಸ್ ಮಾನ್ಯತೆ ಪಡೆದ ಘಟಕದಲ್ಲಿ ಗಂಭೀರ ದೋಷವಿದೆ ಎಂದು ಪ್ರಕಟಿಸಿದರು. ಆ ಘಟಕ ಶುರುವಾದಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು ಎನ್ನುವುದು ಮಾನದಂಡದ ನಿಯಮ. ಆ ಸ್ವಯಂ ಪರೀಕ್ಷೆಯಲ್ಲಿನ ತಪ್ಪಿನಿಂದಾಗಿ, ಊಹೆಗೆ ಸಿಗದ ಸಂಖ್ಯೆಗಳನ್ನು ಹುಟ್ಟಿಸುವ ಭಾಗಕ್ಕೆ ನಿಜವಾದ ಬೀಜ, ಅಂದರೆ ಲೆಕ್ಕ ಶುರುಮಾಡುವ ಗುಪ್ತ ಸಂಖ್ಯೆ, ಬೀಳದೆ, ಪರೀಕ್ಷೆಗೆಂದು ಇಟ್ಟಿದ್ದ ಬೀಜವೇ ಉಳಿದುಬಿಡುತ್ತಿತ್ತು. ಮಾನ್ಯತೆ ಇಲ್ಲದ ಸಾಮಾನ್ಯ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಈ ದೋಷ ಇರಲಿಲ್ಲ.

“ಅಂದರೆ ಮುದ್ರೆ ಬಿದ್ದದ್ದೇ ದುರ್ಬಲ, ಬೀಳದ್ದು ಗಟ್ಟಿ?”

“ಆ ಒಂದು ವಿಷಯದಲ್ಲಿ ಹೌದು. ತಿದ್ದುಪಡಿ ಸಣ್ಣದು, ಸಂಸ್ಥೆಗಳ ಇಕ್ಕಟ್ಟು ದೊಡ್ಡದು. ತಿದ್ದಿದ ಕೂಡಲೇ ಅದು ಮಾನ್ಯತೆ ಪಡೆದ ಘಟಕವಾಗಿ ಉಳಿಯೋದಿಲ್ಲ. ಈಗೀಗ ಭದ್ರತಾ ದೋಷ ಮುಚ್ಚುವ ಸಣ್ಣ ತಿದ್ದುಪಡಿಗೆ ಬೇಗ ಮಂಜೂರಾತಿ ಕೊಡುವ ದಾರಿ ಮಾಡಿದ್ದಾರೆ. ಆದರೂ ನಿನ್ನ ಕಚೇರಿ ಮಾಡಿದ್ದನ್ನೇ ಜಗತ್ತಿನ ಎಷ್ಟೋ ಕಚೇರಿಗಳು ಮಾಡ್ತಿವೆ. ಕಾಗದ ಉಳಿಸಿಕೊಳ್ಳೋಕೆ ತೂತು ಇಟ್ಟುಕೊಂಡಿರ್ತವೆ.”

ಅಳಿಯ ಕುರ್ಚಿ ಹಿಂದಕ್ಕೆ ಸರಿಸಿದ. ಅವನ ಮುಖದಲ್ಲಿ ಬೇಸರವಿತ್ತು.

“ಅತ್ತೆ, ನೀವು ಜೀವಮಾನ ಪೂರ್ತಿ ಮಾಡಿದ ಕೆಲಸವನ್ನೇ ಬೇಡ ಅಂತಿದ್ದೀರ. ಹಾಗಿದ್ದರೆ ಈ ಷರತ್ತನ್ನೇ ಕಿತ್ತುಹಾಕ್ತೀನಿ. ಯಾರು ಕಡಿಮೆ ಬೆಲೆ ಹೇಳ್ತಾರೋ ಅವರ ಕ್ಯಾಮೆರಾ.”

“ಹಾಗೆ ಮಾಡಿದರೆ ಏನಾಗುತ್ತೆ ಅನ್ನೋದನ್ನೂ ಜಗತ್ತು ನೋಡಿದೆ. 2016ರ ಅಕ್ಟೋಬರ್ 21.”

ಅಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಮುಂತಾದ ತಾಣಗಳು ತಾಸುಗಟ್ಟಲೆ ಸಿಗದಾದವು. ಆ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಸರ್ವರ್‌ಗಳ ಮೇಲೆ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ದಾಳಿ ಮಾಡಿತ್ತು. ಆ ದಾಳಿಯ ಸೈನ್ಯ ಯಾವುದು? ಮನೆ, ಅಂಗಡಿಗಳಲ್ಲಿ ತೂಗುಹಾಕಿದ್ದ ಕ್ಯಾಮೆರಾಗಳು, ಅವುಗಳ ರೆಕಾರ್ಡರ್‌ಗಳು, ರೂಟರ್‌ಗಳು. ಕಾರ್ಖಾನೆಯಿಂದ ಬರುವಾಗಲೇ ಇರುತ್ತಿದ್ದ 60ರಷ್ಟು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿಯೇ ಮಿರಾಯ್‌ನ ಆಯುಧ. ಅವನ್ನು ಒಂದೊಂದಾಗಿ ಹಾಕಿ ನೋಡುತ್ತಾ ಅದು ಲಕ್ಷಗಟ್ಟಲೆ ಸಾಧನಗಳೊಳಗೆ ಹೊಕ್ಕಿತು. ಕೆಲವು ಸಾಧನಗಳಲ್ಲಿ ಆ ಪಾಸ್‌ವರ್ಡ್ ಬದಲಿಸಲು ಮಾಲೀಕರಿಗೆ ದಾರಿಯೇ ಇರಲಿಲ್ಲ.

“ಅತಿ ಸಾಮಾನ್ಯವಾದ ಒಂದು ಪರೀಕ್ಷೆ ಆ ಕ್ಯಾಮೆರಾಗಳನ್ನು ಅಂಗಡಿಗೆ ಬರದಂತೆ ತಡೀತಿತ್ತು,” ಎಂದರು ಅತ್ತೆ. “ಬ್ರಿಟನ್ 2024ರ ಏಪ್ರಿಲ್ 29ರಿಂದ ಅದನ್ನೇ ಕಾನೂನು ಮಾಡಿದೆ. ಊಹಿಸಬಹುದಾದ, ಎಲ್ಲಕ್ಕೂ ಒಂದೇ ಆದ ಪಾಸ್‌ವರ್ಡ್ ಇಟ್ಟು ಗ್ರಾಹಕರಿಗೆ ಮಾರೋ ಹಾಗಿಲ್ಲ, ಎಷ್ಟು ಕಾಲ ತಿದ್ದುಪಡಿ ಕೊಡ್ತೀವಿ ಅಂತ ಹೇಳಲೇಬೇಕು. ನಮ್ಮ ಸಿಸಿಟಿವಿ ನಿಯಮದಲ್ಲೂ ಒಳ್ಳೆಯ ಅಂಶಗಳಿವೆ. ಡೀಬಗ್ ಪೋರ್ಟ್ ತೆರೆದಿಡಬಾರದು, ಸಹಿ ಇಲ್ಲದ ಫರ್ಮ್‌ವೇರ್ ಓಡಬಾರದು, ಎನ್‌ಕ್ರಿಪ್ಶನ್ ಕೀಲಿ ಪ್ರತಿ ಸಾಧನಕ್ಕೂ ಬೇರೆ ಇರಬೇಕು. ನಾನು ಪರೀಕ್ಷೆ ಬೇಡ ಅಂತ ಎಂದೂ ಹೇಳಲಿಲ್ಲ. ಅಗ್ಗದ ನಿರ್ಲಕ್ಷ್ಯವನ್ನು ಪರೀಕ್ಷೆ ಚೆನ್ನಾಗಿ ಹಿಡಿಯುತ್ತೆ. ಜಾಣ ವೈರಿಯನ್ನು ಅಷ್ಟಾಗಿ ಹಿಡಿಯೋದಿಲ್ಲ. ಎರಡನ್ನೂ ಒಂದೇ ಮುದ್ರೆಯಿಂದ ನಿರೀಕ್ಷೆ ಮಾಡಬೇಡ ಅಂತಿದ್ದೀನಿ.”

ಆದರೆ ಅಗ್ಗದ ನಿರ್ಲಕ್ಷ್ಯವೂ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. 2010ರ ಜನವರಿಯಲ್ಲಿ ಕಿಂಗ್‌ಸ್ಟನ್, ಸ್ಯಾನ್‌ಡಿಸ್ಕ್, ವರ್ಬಾಟಿಮ್ ಕಂಪನಿಗಳ ಕೆಲವು ಯುಎಸ್‌ಬಿ ಡ್ರೈವ್‌ಗಳ ವಿಷಯ ಬಯಲಾಯಿತು. ಅವುಗಳಿಗೆ ಫಿಪ್ಸ್ 140-2 ಮಾನ್ಯತೆ ಇತ್ತು, ಎನ್‌ಕ್ರಿಪ್ಶನ್ನೂ ಗಟ್ಟಿ. ಜರ್ಮನಿಯ ಸಿಸ್ ಎಂಬ ಸಂಸ್ಥೆಯವರು ನೋಡಿದರೆ, ಪಾಸ್‌ವರ್ಡ್ ಸರಿಯೇ ಎಂದು ತಾಳೆ ನೋಡುತ್ತಿದ್ದುದು ಡ್ರೈವ್ ಅಲ್ಲ, ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ. ಸರಿ ಎನಿಸಿದರೆ ಅದು ಡ್ರೈವ್‌ಗೆ ತೆರೆಯುವ ಸಂದೇಶ ಕಳಿಸುತ್ತಿತ್ತು. ಯಾರದೇ ಡ್ರೈವ್ ಆಗಲಿ, ಪಾಸ್‌ವರ್ಡ್ ಏನೇ ಇರಲಿ, ಸಂದೇಶ ಒಂದೇ. ಆ ಸಂದೇಶ ಗೊತ್ತಾದವನಿಗೆ ಎಲ್ಲ ಡ್ರೈವೂ ತೆರೆಯುತ್ತಿತ್ತು. ಮಾನ್ಯತೆಯ ಎಲ್ಲೆಯೊಳಗೆ ಆ ತಂತ್ರಾಂಶ ಇರಲಿಲ್ಲ. ಮತ್ತೆ ಅದೇ ಎಲ್ಲೆಯ ಪ್ರಶ್ನೆ.

ಅಳಿಯನಿಗೆ ಇಲ್ಲಿ ನಮ್ಮ ರಾಜ್ಯದ್ದೇ ಒಂದು ಸಂಗತಿ ನೆನಪಾಯಿತು. ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಯಂತ್ರಕ್ಕೂ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಬೇಕು. ಈಚಿನ ಮಾದರಿಗಳಲ್ಲಿ ಬೆರಳಚ್ಚು ಯಂತ್ರದೊಳಗೇ ಎನ್‌ಕ್ರಿಪ್ಟ್ ಆಗಿ ಹೊರಬರುತ್ತದೆ. ಆದರೂ 2023ರಲ್ಲಿ ಬೆಂಗಳೂರು ಸೇರಿ ಹಲವೆಡೆ ಜನರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋಯಿತು. ಕಳ್ಳರು ಯಂತ್ರದ ಎನ್‌ಕ್ರಿಪ್ಶನ್ ಮುರಿಯಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳ ಪ್ರತಿಗಳಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಇದ್ದವು. ಅವುಗಳಿಂದ ನಕಲಿ ಬೆರಳು ಮಾಡಿಕೊಂಡರು. ಆಮೇಲೆ ಇಲಾಖೆ ಆ ವಿವರಗಳನ್ನು ಮರೆಮಾಡುವ ಕ್ರಮ ಕೈಗೊಂಡಿತು.

“ನಿಜ ಕಣೋ. ಬದುಕಿರೋ ಬೆರಳು ಯಾವುದು, ಸಿಲಿಕಾನ್ ಯಾವುದು ಅಂತ ಯಂತ್ರ ಗುರುತಿಸಬೇಕಿತ್ತು, ಅದು ಒಂದು ಮಾತು. ಆದರೆ ಹೆಬ್ಬೆಟ್ಟಿನ ಗುರುತನ್ನು ಜಗತ್ತಿಗೇ ತೋರಿಸೋ ದಾಖಲೆ ಯಾವ ಲ್ಯಾಬಿನ ಮೇಜಿನ ಮೇಲೂ ಬರೋದಿಲ್ಲ. ಯಂತ್ರಕ್ಕೆ ಮುದ್ರೆ ಒತ್ತಿದರೆ ವ್ಯವಸ್ಥೆಗೆ ಮುದ್ರೆ ಬೀಳೋದಿಲ್ಲ.”

“ಒಂದು ಕೇಳ್ತೀನಿ. ಪರೀಕ್ಷೆ ಮಾಡೋ ಸರ್ಕಾರವೇ ತೂತು ಬೇಕು ಅಂದರೆ?”

ಅತ್ತೆ ಇದಕ್ಕೆ ನೇರವಾಗಿ ಉತ್ತರಿಸಿದರು. 2006ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ನಾಲ್ಕು ವಿಧಾನಗಳನ್ನು ಒಪ್ಪಿತು. ಅವುಗಳಲ್ಲಿ ಒಂದು ‘ಡ್ಯುಯಲ್ ಇಸಿ’, ಎನ್‌ಎಸ್‌ಎ ಮುಂದೆ ತಂದದ್ದು. ಮರುವರ್ಷವೇ ಮೈಕ್ರೋಸಾಫ್ಟ್‌ನ ಶುಮೊ ಮತ್ತು ಫರ್ಗ್ಯುಸನ್ ಎಂಬ ಇಬ್ಬರು, ಅದರೊಳಗಿನ ಸ್ಥಿರಾಂಕಗಳನ್ನು ಆರಿಸಿದವರ ಬಳಿ ಮುಂದಿನ ಸಂಖ್ಯೆಗಳನ್ನು ಊಹಿಸುವ ಕೀಲಿ ಇರಬಹುದು ಎಂದು ಸಾರ್ವಜನಿಕವಾಗಿ ತೋರಿಸಿದರು. 2013ರಲ್ಲಿ ಎನ್‌ಎಸ್‌ಎಯ ಗುಟ್ಟುಗಳನ್ನು ಬಯಲು ಮಾಡಿದ ಸ್ನೋಡೆನ್ ದಾಖಲೆಗಳು ಬಂದ ಮೇಲೆ ಅನುಮಾನ ಗಟ್ಟಿಯಾಯಿತು. ನಿಸ್ಟ್ ಆ ವಿಧಾನವನ್ನು ಕೈಬಿಟ್ಟಿತು. 2015ರ ಡಿಸೆಂಬರ್‌ನಲ್ಲಿ ಜೂನಿಪರ್ ಕಂಪನಿ ತನ್ನ ಫೈರ್‌ವಾಲ್‌ಗಳಲ್ಲಿ ಅನಧಿಕೃತ ಕೋಡ್ ಸಿಕ್ಕಿದೆ ಎಂದು ಪ್ರಕಟಿಸಿತು. ಡ್ಯುಯಲ್ ಇಸಿಯ ಸ್ಥಿರಾಂಕವನ್ನು ಯಾರೋ ಬದಲಾಯಿಸಿದ್ದರು. ಒಬ್ಬರಿಗೆಂದು ಬಿಟ್ಟಿರಬಹುದಾದ ಬಾಗಿಲಿಗೆ ಇನ್ನೊಬ್ಬರು ತಮ್ಮ ಬೀಗ ಹಾಕಿಕೊಂಡಿದ್ದರು.

“ಇನ್ನೊಂದು ಕೇಳು. ಓಪನ್‌ಎಸ್‌ಎಸ್‌ಎಲ್‌ನ ಮಾನ್ಯತೆ ಪಡೆದ ಘಟಕದಲ್ಲೂ ಡ್ಯುಯಲ್ ಇಸಿ ಇತ್ತು. 2013ರ ಕೊನೆಗೆ ನೋಡಿದರೆ, ಅದರಲ್ಲಿದ್ದ ಒಂದು ತಪ್ಪಿನಿಂದ ಅದು ಕೆಲಸವೇ ಮಾಡ್ತಾ ಇರಲಿಲ್ಲ. ಪರೀಕ್ಷೆಗಳನ್ನೆಲ್ಲ ದಾಟಿತ್ತು. ಯಾರೂ ಬಳಸಿರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.”

ಅವರ ನಿಲುವು ಸ್ಪಷ್ಟ: ಮಾನದಂಡ ಬರೆಯುವ ಕೆಲಸವೂ ಬೇಹುಗಾರಿಕೆಯ ಕೆಲಸವೂ ಒಂದೇ ಸೂರಿನ ಕೆಳಗೆ ಇರಬಾರದು. ಪರೀಕ್ಷೆಯ ವಿಧಾನ ಬಹಿರಂಗವಾಗಿರಬೇಕು. ಶುಮೊ, ಫರ್ಗ್ಯುಸನ್ ಅಂಥವರಿಗೆ ದೋಷ ಕಂಡದ್ದು ಲೆಕ್ಕ ಎಲ್ಲರಿಗೂ ಸಿಗುವಂತೆ ಅಚ್ಚಾಗಿದ್ದರಿಂದ.

ಈಗ ಅಳಿಯ ತನ್ನ ಕಷ್ಟ ಹೇಳಿಕೊಂಡ. ಅದು ತಳ್ಳಿಹಾಕುವಂಥದ್ದಲ್ಲ. ಪರೀಕ್ಷೆಯ ಖರ್ಚು ತಯಾರಕನದ್ದು. ದೊಡ್ಡ ಕಂಪನಿ ಆ ಖರ್ಚನ್ನು ಲಕ್ಷಾಂತರ ಕ್ಯಾಮೆರಾಗಳ ಮೇಲೆ ಹಂಚುತ್ತದೆ. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಕೆಲವೇ ನೂರು ಸಾಧನ ಜೋಡಿಸುವ ಸಣ್ಣ ಉದ್ಯಮಿಗೆ ಅದು ಇಡೀ ವರ್ಷದ ಲಾಭ ತಿನ್ನಬಹುದು, ಲ್ಯಾಬಿನ ಸರದಿಗೆ ಕಾಯುವಷ್ಟರಲ್ಲಿ ಮಾದರಿಯೇ ಹಳೆಯದಾಗಬಹುದು. ಷರತ್ತು ಬಿಗಿ ಮಾಡಿದರೆ ಒಂದೇ ಬಿಡ್ ಬರುತ್ತದೆ. ಒಂದೇ ಬಿಡ್ ಬಂದರೆ ಟೆಂಡರ್ ರದ್ದು ಮಾಡಿ ಮತ್ತೆ ಕರೆಯಬೇಕಾಗಬಹುದು.

“ನಿನ್ನ ಮಾತು ಒಪ್ತೀನಿ,” ಎಂದರು ಅತ್ತೆ. “ಹಣ ಕೊಡೋನೇ ತಯಾರಕ, ಲ್ಯಾಬ್ ಆರಿಸೋನೂ ಎಷ್ಟೋ ಕಡೆ ಅವನೇ. ಆ ಒತ್ತಡ ಲ್ಯಾಬ್‌ಗಳ ಮೇಲೆ ಇದ್ದೇ ಇರುತ್ತೆ. ಸಣ್ಣವರಿಗೆ ಶುಲ್ಕದಲ್ಲಿ ನೆರವು ಬೇಕು. ಎಲ್ಲಕ್ಕೂ ಒಂದೇ ಆಳದ ಪರೀಕ್ಷೆಯೂ ಬೇಕಿಲ್ಲ. ಸಿಂಗಪುರದಲ್ಲಿ 2020ರಿಂದ ನಾಲ್ಕು ಹಂತದ ಭದ್ರತಾ ಲೇಬಲ್ ಇದೆ. ಮೊದಲ ಹಂತದಲ್ಲಿ ಪಾಸ್‌ವರ್ಡ್, ತಿದ್ದುಪಡಿಯಂಥ ಮೂಲ ವಿಷಯ ಮಾತ್ರ, ನಾಲ್ಕನೇ ಹಂತದಲ್ಲಿ ಲ್ಯಾಬಿನವರೇ ದಾಳಿ ಮಾಡಿ ನೋಡ್ತಾರೆ. ಲೇಬಲ್ಲಿಗೆ ಆಯಸ್ಸು ಹೆಚ್ಚೆಂದರೆ ಮೂರು ವರ್ಷ, ತಯಾರಕ ತಿದ್ದುಪಡಿ ಕೊಡ್ತಾ ಇರೋ ತನಕ. ನನಗೆ ಬಹಳ ಹಿಡಿಸಿದ್ದು ಆ ಕೊನೆಯ ಮಾತು. ಯುರೋಪ್ ಒಕ್ಕೂಟದ ಹೊಸ ಕಾಯ್ದೆಯೂ ಅತ್ತಲೇ ಹೋಗ್ತಿದೆ. 2027ರ ಡಿಸೆಂಬರ್ 11ರಿಂದ ಅದರ ಮುಖ್ಯ ನಿಯಮಗಳು ಜಾರಿಗೆ ಬರ್ತವೆ. ಸಾಮಾನ್ಯವಾಗಿ ಐದು ವರ್ಷವಾದರೂ ತಿದ್ದುಪಡಿ ಕೊಡಬೇಕು.”

ಆಮೇಲೆ ಇಬ್ಬರೂ ಕರಡಿನ ಮೇಲೆ ಕೂತರು. ಪ್ರಮಾಣಪತ್ರದ ಸಂಖ್ಯೆ, ಮಾದರಿ, ಫರ್ಮ್‌ವೇರ್ ಆವೃತ್ತಿ ಮೂರನ್ನೂ ಬಿಡ್‌ನಲ್ಲಿ ಬರೆಯಬೇಕು. ಸರಕು ಬಂದ ದಿನ ಪೆಟ್ಟಿಗೆಯೊಳಗಿನ ಆವೃತ್ತಿಯನ್ನು ಅದರೊಂದಿಗೆ ತಾಳೆ ನೋಡಬೇಕು. ಪರೀಕ್ಷೆ ಯಾವ ಎಲ್ಲೆಯೊಳಗೆ ನಡೆಯಿತು ಎಂಬ ವರದಿಯ ಪ್ರತಿ ಲಗತ್ತಿಸಬೇಕು. ಗಂಭೀರ ದೋಷ ಪ್ರಕಟವಾದರೆ ಇಷ್ಟು ದಿನದೊಳಗೆ ತಿದ್ದುಪಡಿ ಕೊಡಬೇಕು, ಐದು ವರ್ಷದವರೆಗೆ. ತಿದ್ದುಪಡಿ ಹಾಕಿದ್ದಕ್ಕೆ ಪ್ರಮಾಣಪತ್ರದ ಆವೃತ್ತಿ ಬದಲಾದರೆ ಅದನ್ನು ಲೋಪವೆಂದು ಎಣಿಸತಕ್ಕದ್ದಲ್ಲ ಎಂಬ ವಾಕ್ಯವನ್ನು ಅಳಿಯನೇ ಸೇರಿಸಿದ, ಆಡಿಟ್‌ನವರನ್ನು ನೆನೆದು. ಕ್ಯಾಮೆರಾಗಳು ನೇರವಾಗಿ ಇಂಟರ್ನೆಟ್‌ಗೆ ತೆರೆದುಕೊಳ್ಳಬಾರದು, ಬೇರೆ ಜಾಲದಲ್ಲಿರಬೇಕು ಎಂಬುದನ್ನು ಅತ್ತೆ ಬರೆಸಿದರು. ಯಾವ ಲ್ಯಾಬಿಗೂ ಕಾಣದ ದೋಷ ನಾಳೆ ಹೊರಬಂದಾಗ ಊರನ್ನು ಉಳಿಸುವುದು ಈ ಷರತ್ತೇ.

ಕೊನೆಗೆ ಉಳಿದದ್ದು ಅವರಿಬ್ಬರ ಕೈಯಲ್ಲಿಲ್ಲದ ಮಾತು. ಕಾಮನ್ ಕ್ರೈಟೀರಿಯಾ ಪ್ರಮಾಣಪತ್ರ ಪಡೆದ ಉತ್ಪನ್ನಗಳ ಪಟ್ಟಿ, ಅವುಗಳ ಸೆಕ್ಯುರಿಟಿ ಟಾರ್ಗೆಟ್ ಮತ್ತು ವರದಿಗಳು ಸಾರ್ವಜನಿಕವಾಗಿ ಸಿಗುತ್ತವೆ. ಆದರೆ ಅವು ಉದ್ದುದ್ದದ ಇಂಗ್ಲಿಷ್ ದಾಖಲೆಗಳು, ಬರೆದಿರುವುದು ಪರಿಣತರಿಗಾಗಿ. ಪಂಚಾಯಿತಿ, ಪುರಸಭೆ, ಸಹಕಾರಿ ಬ್ಯಾಂಕು, ತಾಲೂಕು ಆಸ್ಪತ್ರೆಗಳ ಖರೀದಿ ಸಮಿತಿಗಳು ಅವನ್ನು ಓದಿ ತೀರ್ಮಾನಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪ್ರತಿ ಪ್ರಮಾಣಪತ್ರದ ಜೊತೆಗೂ ಎರಡು ಪುಟದ ಕನ್ನಡ ಸಾರಾಂಶ ಬರಲಿ: ಏನನ್ನು ಪರೀಕ್ಷಿಸಿದರು, ಏನನ್ನು ಬಿಟ್ಟರು, ಯಾವ ಆವೃತ್ತಿಗೆ, ಎಲ್ಲಿಯವರೆಗೆ. ರಾಜ್ಯದ ಇ-ಆಡಳಿತ ಇಲಾಖೆ ಒಂದು ಮಾದರಿ ಟೆಂಡರ್ ಷರತ್ತನ್ನು ತಯಾರಿಸಿ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಕಳಿಸಲಿ. ಈ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.